ಏಳನೆಯ ತಿರುವಿನ ತನಕ

"ನಿನ್ ಕೈಲಿ ಆಗ್ದಿದ್ರೆ ಆಗಲ್ಲ ಅಂತ ಬೊಗುಳ್ಲಾ! ನಾಕ್ ಸತಿ ಬಿಚ್ದೆ, ನಾಕ್ ಸತಿ ಕಟ್ದೆ. ಆ ದರಿದ್ರದ ದೀಪ ಇನ್ನೂವೆ ಉರೀತಾ ಕುಂತದೆ!"

"ಬೊಗಳ್ತಿರದು ನಾನಲ್ಲ ಭಾವ, ನಿನ್ ಗಾಡಿ. ನಾನ್ ಆಕಿರೋ ಸೆನ್ಸರು ಸರಿಯಾಗೇ ಅದೆ."

"ಸರಿಯಾಗಿದ್ರೆ ದೀಪ ಯಾಕ್ಲಾ ಬತ್ತದೆ?"

"ದೀಪುನ್ನೇ ಕೇಳು ಓಗು!"

ಬೆಳಗ್ಗೆ ಆರೂವರೆ. ಜವಳಗಲ್ಲು ಘಾಟಿ ಶುರುವಾಗುವ ತಾಳಗಟ್ಟದಲ್ಲಿ ನನ್ನ ಗ್ಯಾರೇಜು. ಎದುರಿಗೇ ತಪಾಸಣೆ ಗೇಟು, ಗೇಟಿನ ಮುಂದೆ ಗಾಡಿಗಳ ಸಾಲು. ಕೂಗಾಡುತ್ತಿದ್ದವನು ಚೆನ್ನಂಜಶೆಟ್ಟಿ, ನನ್ನ ಅಕ್ಕನ ಗಂಡ. ಮೂವತ್ತೊಂದು ವರ್ಷದಿಂದ ಈ ಘಾಟಿಯಲ್ಲಿ ಗಾಡಿ ಓಡಿಸುತ್ತಿದ್ದವನು. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನೂ ಅವನೇ. ತಿರುಗಿ ಕೂಗಾಡುತ್ತಿದ್ದವನು ನಾನು, ರಂಗಶೆಟ್ಟಿ. ಮಿಕ್ಕ ಡ್ರೈವರುಗಳು ಟೀ ಲೋಟ ಹಿಡಿದು ನೋಡುತ್ತಿದ್ದರು. ವ್ಯಾನಿನೊಳಗೆ ಹನ್ನೆರಡು ಜನ ಕೂತಿದ್ದರು. ಮೇಲಿನ ಕೊಂಬಿನಬೆಟ್ಟದ ಶಾಲೆಯ ಮೇಷ್ಟ್ರುಗಳು, ಆಸ್ಪತ್ರೆಯ ನರ್ಸು, ಹರಕೆಗೆ ಹೊರಟ ಒಂದು ಕುಟುಂಬ. ಮೇಷ್ಟ್ರುಗಳಿಗೆ ನಮ್ಮ ಜಗಳ ಅಭ್ಯಾಸವಾಗಿತ್ತು. ನರ್ಸು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.

ಸ್ಟೀರಿಂಗಿನ ಮುಂದೆ ಹಳದಿ ದೀಪ. ಒಂದು ಪುಟ್ಟ ಕಾರಿನ ಚಿತ್ರ, ಅದರ ಹಿಂದೆ ಅಂಕುಡೊಂಕಾದ ಎರಡು ಗೆರೆ. ಪಕ್ಕದಲ್ಲಿ ಅಕ್ಷರ: 'ಸ್ಥಿರತೆ ನಿಯಂತ್ರಣ: ಹೊಂದಾಣಿಕೆ ಮಿತಿ ಮೀರಿದೆ. ಸೇವಾ ಕೇಂದ್ರವನ್ನು ಸಂಪರ್ಕಿಸಿ.'

ಈ ದೀಪದ ಬಗ್ಗೆ ಘಾಟಿಯ ಡ್ರೈವರುಗಳಿಗೆಲ್ಲ ಒಂದು ವಿಷಯ ಗೊತ್ತು. ಮಿನುಗಿದರೆ ಭಯವಿಲ್ಲ; ಗಾಡಿ ಜಾರುತ್ತಿದೆ, ವ್ಯವಸ್ಥೆ ಅದನ್ನು ಹಿಡಿದುಕೊಳ್ಳುತ್ತಿದೆ ಎಂದು ಅರ್ಥ. ಮಿನುಗದೆ ನೆಟ್ಟಗೆ ಉರಿದರೆ ಏನೋ ಕೆಟ್ಟಿದೆ. ಭಾವನ ವ್ಯಾನಿನಲ್ಲಿ ಆರು ತಿಂಗಳಿಂದ ಅದು ನೆಟ್ಟಗೆ ಉರಿಯುತ್ತಿತ್ತು. ದೀಪ ಉರಿಯುತ್ತಿರುವ ಗಾಡಿಗೆ ಗೇಟು ಏಳುವುದಿಲ್ಲ.

"ಒತ್ತಾಯ್ತು. ಮುಖ ತೊಳ್ಸು ಬುಡು ಅತ್ಲಾಗೆ," ಎಂದ ಭಾವ, ಸುಸ್ತಾದವನಂತೆ.

ಮುಖ ತೊಳೆಸುವುದು ಎಂದರೆ ನಮ್ಮ ತಾಳಗಟ್ಟದ ಮಾತು. ಸ್ಕ್ಯಾನರ್ ಎಂಬ ಅಂಗೈ ಅಗಲದ ಪೆಟ್ಟಿಗೆಯ ವೈರನ್ನು ಸ್ಟೀರಿಂಗಿನ ಅಡಿಗೆ ಸಿಕ್ಕಿಸಿ, 'ಎಲ್ಲ ಅಳಿಸು' ಎಂಬ ಗುಂಡಿ ಒತ್ತಿದರೆ ಸಾಕು. ದೀಪ ಆರುತ್ತದೆ, ಗೇಟು ಏಳುತ್ತದೆ. ರಾತ್ರಿಯೆಲ್ಲ ಕೆಟ್ಟ ಕನಸು ಕಂಡವನು ಬೆಳಗ್ಗೆ ಮುಖಕ್ಕೆ ನೀರು ಹಾಕಿಕೊಂಡ ಹಾಗೆ. ಇಲ್ಲಿ ದಿನಕ್ಕೆ ನಾಲ್ಕೈದು ಗಾಡಿಗೆ ಮುಖ ತೊಳೆಸುತ್ತಿದ್ದೆ. ಗೇಟಿನವರಿಗೂ ಗೊತ್ತಿತ್ತು. ಕೆಟ್ಟಿರುವುದನ್ನು ಕೆಟ್ಟಿದೆ ಅಂತ ಒಪ್ಪಿಕೊಳ್ಳುವುದಕ್ಕೆ ಇಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಗುಂಡಿ ಒತ್ತಿದೆ. ದೀಪ ಆರಿತು. ಭಾವ ಚಕ್ರದಡಿ ನಿಂಬೆಹಣ್ಣಿಟ್ಟು, ಕೈಮುಗಿದು, ಹತ್ತಿ ಕೂತ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ಒಂದು ಕಾಲದಲ್ಲಿ ಎಡಗೈಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಒಂದೇ ಕೈಯಲ್ಲಿ ಇಪ್ಪತ್ತೆರಡು ತಿರುವು ಹತ್ತುತ್ತಿದ್ದವನು. ಅದನ್ನು ಆವತ್ತು ನೋಡಿದೆ. ನೋಡಿಯೂ ಏನೂ ಅನ್ನಿಸಲಿಲ್ಲ.

*

ಮೊದಲು ಘಾಟಿಯಲ್ಲಿ ಈ ಗೇಟು ಇರಲಿಲ್ಲ. ಆರು ವರ್ಷದ ಹಿಂದೆ ಹದಿನಾರನೇ ತಿರುವಿನಲ್ಲಿ ಒಂದು ಬಸ್ಸು ಉರುಳಿತು. ಅದಾದ ಮೇಲೆ ಈ ಹೊಸ ವ್ಯವಸ್ಥೆಯಿಲ್ಲದ ಯಾವ ಗಾಡಿಯೂ ಘಾಟಿ ಹತ್ತಕೂಡದು ಎಂದಾಯಿತು.

ಹಳೆಯ ಕಾಲದ ಸ್ಥಿರತೆ ನಿಯಂತ್ರಣ ಸರಳವಾದದ್ದು. ಸ್ಟೀರಿಂಗಿನ ಕೆಳಗೆ ಒಂದು ಸೆನ್ಸರು. ಡ್ರೈವರು ಎತ್ತ ತಿರುಗು ಎಂದ ಅನ್ನುವುದನ್ನು ಅದು ಹೇಳುತ್ತದೆ. ಗಾಡಿಯ ನಡುವೆ, ಸೀಟಿನ ಅಡಿಯಲ್ಲಿ ಇನ್ನೊಂದು. ಗಾಡಿ ನಿಜವಾಗಿ ಎತ್ತ ತಿರುಗಿತು ಅನ್ನುವುದನ್ನು ಅದು ಹೇಳುತ್ತದೆ. ಎರಡೂ ಒಂದೇ ಮಾತು ಹೇಳಿದರೆ ಸರಿ. ಬೇರೆ ಬೇರೆ ಹೇಳಿದರೆ ಗಾಡಿ ಜಾರುತ್ತಿದೆ. ಆಗ ಒಂದೇ ಒಂದು ಚಕ್ರಕ್ಕೆ ಬ್ರೇಕು ಹಿಡಿದು ಗಾಡಿಯನ್ನು ದಾರಿಗೆ ಎಳೆಯುತ್ತದೆ. ಜೋಡೆತ್ತಿನ ಗಾಡಿಯಲ್ಲಿ ಒಂದು ಕಡೆಯ ಹಗ್ಗ ಜಗ್ಗುತ್ತೇವಲ್ಲ, ಹಾಗೆ.

ಹೊಸದು ಅಷ್ಟಕ್ಕೆ ನಿಲ್ಲುವುದಿಲ್ಲ. ಅದು ಡ್ರೈವರನ ಕೈಯನ್ನು ಕಲಿಯುತ್ತದೆ. ಈ ಮನುಷ್ಯ ತಿರುವಿಗೆ ಎಷ್ಟು ಮುಂಚೆ ತಿರುಗಿಸುತ್ತಾನೆ, ಎಷ್ಟು ಜೋರಾಗಿ, ಎಲ್ಲಿ ಅಳುಕುತ್ತಾನೆ ಎಂದು ನೋಡಿಕೊಂಡು, ಅವನ ತಪ್ಪುಗಳನ್ನು ಸದ್ದಿಲ್ಲದೆ ಕಳೆದುಹಾಕುತ್ತದೆ. ಇಷ್ಟು ನನಗೆ ತರಬೇತಿಯಲ್ಲಿ ಹೇಳಿದ್ದರು. ಎರಡು ದಿನದ ತರಬೇತಿ, ಊಟ ಚೆನ್ನಾಗಿತ್ತು. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸು. ತಲೆಗೆ ಹೋದಷ್ಟು ಹೋಯಿತು.

ನಾಲ್ಕು ಸೆನ್ಸರು ಬದಲಾಯಿಸಿದೆ. ವೈರು ಎಳೆಎಳೆಯಾಗಿ ಬಿಚ್ಚಿ ನೋಡಿದೆ. ಚಕ್ರಗಳ ಅಲೈನ್‌ಮೆಂಟ್ ಮೂರು ಸಲ ಮಾಡಿದೆ. ಪ್ರತಿ ಸಂಜೆ ಭಾವ ಕೆಳಗಿಳಿದು ಬಂದಾಗ ದೀಪ ಉರಿಯುತ್ತಲೇ ಇರುತ್ತಿತ್ತು. "ಎಂಟ್ನೇ ತಿರುವಿಗೆ ಸರ್ಯಾಗಿ ಬತ್ತದೆ ಕಣ್ಲಾ, ಮೊಳ ಆಕಿ ಅಳ್ದಂಗೆ," ಅನ್ನುತ್ತಿದ್ದ. ನಾನು ಎಂಟನೇ ತಿರುವಿನಲ್ಲಿ ರಸ್ತೆಯ ಓರೆ ಜಾಸ್ತಿ ಎಂದು ಅಲ್ಲಿಗೂ ಹೋಗಿ ನೋಡಿ ಬಂದೆ. ರಸ್ತೆ ಸರಿಯಾಗಿತ್ತು.

ಸೋಮವಾರ ಭಾವ ಗಾಡಿ ತೆಗೆಯುವುದಿಲ್ಲ. ಒಪ್ಪತ್ತು ಇರುತ್ತಾನೆ. ಆ ಸೋಮವಾರ ನಾನೇ ವ್ಯಾನು ಹತ್ತಿದೆ. ಇಪ್ಪತ್ತೆರಡು ತಿರುವು ಹತ್ತಿ ಇಳಿದೆ. ದೀಪ ಬರಲಿಲ್ಲ. ಪಕ್ಕದ ಗಾಡಿಯ ಡ್ರೈವರು ಜಬ್ಬಾರನನ್ನು ಕರೆದು, ಅವನ ಕೈಯಲ್ಲಿ ಕೊಟ್ಟು, ಪಕ್ಕದಲ್ಲಿ ಕೂತೆ. ಬರಲಿಲ್ಲ.

"ಗಾಡಿಗೇನೂ ಆಗಿಲ್ಲ ಶೆಟ್ರೇ," ಎಂದ ಜಬ್ಬಾರ್, ಇಳಿದು ಬೀಡಿ ಹಚ್ಚಿ. "ನಿಮ್ ಭಾವನ ಜಾತಕ ತೋರಿಸ್ಬೇಕು ಅಷ್ಟೇ."

ನಗು ಬರಲಿಲ್ಲ. ಸಿಟ್ಟು ಬಂತು. ಆರು ತಿಂಗಳಿಂದ ಅವರೆಲ್ಲರ ಎದುರು ಬೈಸಿಕೊಂಡವನು ನಾನು. ಗೇಟಿನ ಮೇಲಿನ ಕೋಣೆಗೆ ಮೆಟ್ಟಿಲು ಹತ್ತಿದೆ.

*

ಅಲ್ಲಿ ಹನ್ನೆರಡು ಕಂಪ್ಯೂಟರ್ ತೆರೆ, ಕಿರುಗುಟ್ಟುವ ಒಂದು ಫ್ಯಾನು, ಇಬ್ಬರು ಮಾಡಬೇಕಾದ ಕೆಲಸಕ್ಕೆ ಒಬ್ಬರೇ ಇಂಜಿನಿಯರು. ಹೆಸರು ಇಂದುಮತಿ. ಶಿರಸಿ ಕಡೆಯವರು. ಎರಡು ಪಾಳಿ ಒಟ್ಟಿಗೆ ಮಾಡಿ ಕಣ್ಣು ಕೆಂಪಾಗಿತ್ತು. ಸ್ಟೀಲು ಡಬ್ಬಿಯಲ್ಲಿ ಮೊಸರನ್ನ ಕಲಸುತ್ತಿದ್ದವರು ನನ್ನನ್ನು ನೋಡಿ ಕೈ ನಿಲ್ಲಿಸಿದರು.

"ಆ ವ್ಯಾನಿನ ವಿಷಯಾನಾ, ರಂಗಶೆಟ್ರೇ?"

"ನಿಮ್ ವ್ಯವಸ್ಥೆ ಸರೀಗಿಲ್ಲ ಮೇಡಂ. ನಾನ್ ಓಡಿಸಿದ್ರೆ ದೀಪ ಬರಲ್ಲ, ಜಬ್ಬಾರ್ ಓಡಿಸಿದ್ರೆ ಬರಲ್ಲ. ನಮ್ ಭಾವ ಕುಂತ್ರೆ ಬತ್ತದೆ. ಅವನೇನು ಕಳ್ಳನಾ?"

ಡಬ್ಬಿಯ ಮುಚ್ಚಳ ಹಾಕಿ, ಕೈ ತೊಳೆದು ಬಂದರು.

"ಚಾಲಕರ ವಿಷಯ ನಾನು ಯಾರಿಗೂ ಹೇಳೋ ಹಾಗಿಲ್ಲ. ನಿಯಮ. ತೆರೆ ಮೇಲೂ ಬರೋ ಹಾಗಿಲ್ಲ. ಅದಕ್ಕೇ ಆ ಸಂದೇಶ ಹಾಗೆ ಮೊಟಕಾಗಿದೆ. ಯಾರ ಮಾನವೂ ಹೋಗಬಾರದು ಅಂತ ಬರೆದಿದ್ದು. ಯಾರಿಗೂ ಅರ್ಥವೂ ಆಗಬಾರದು ಅಂತ ಬರೆದ ಹಾಗಾಯ್ತು." ಕುರ್ಚಿ ಎಳೆದು ಕೊಟ್ಟರು. "ಯಂತ್ರದ ವಿಷಯ ಕೇಳಿ, ಹೇಳ್ತೇನೆ."

"ಹೊಂದಾಣಿಕೆ ಮಿತಿ ಅಂದ್ರೇನು?"

"ಚಾಲಕನ ಕೈಯಿಂದ ವ್ಯವಸ್ಥೆ ಎಷ್ಟನ್ನು ಕಳೀಬಹುದು ಅನ್ನೋದಕ್ಕೆ ಒಂದು ಮಿತಿ. ಅದಕ್ಕಿಂತ ಹೆಚ್ಚು ಕಳೀಬೇಕಾಗಿ ಬಂದರೆ ದೀಪ ಹಾಕುತ್ತೆ. ಘಾಟಿ ಮಧ್ಯದಲ್ಲಿ ಗಾಡಿ ನಿಲ್ಲಿಸೋಕಾಗಲ್ಲ ನೋಡಿ, ಹಾಗಾಗಿ ಕೆಲಸ ಮುಂದುವರಿಸುತ್ತೆ. ಕೆಳಗೆ ಬಂದ ಮೇಲೆ ಗೇಟು ಬಿಡಲ್ಲ."

"ಎಂಟ್ನೇ ತಿರುವಿಗೇ ಯಾಕ್ ಬತ್ತದೆ?"

ಅವರು ಕೀಲಿಮಣೆಯ ಮೇಲೆ ಏನೋ ಒತ್ತಿ, ಒಂದು ತೆರೆಯನ್ನು ನನ್ನ ಕಡೆ ತಿರುಗಿಸಿದರು. "ನೀರು ತರ್ತೇನೆ" ಎಂದು ಎದ್ದು ಹೋದರು. ಹೂಜಿ ಅವರ ಮೇಜಿನ ಪಕ್ಕದಲ್ಲೇ ಇತ್ತು.

ತೆರೆಯ ಮೇಲೆ ಎರಡು ಗೆರೆ. ಕೆಂಪು ಗೆರೆ ಕೈಯದು, ಹಸಿರು ಗೆರೆ ಗಾಡಿಯದು. ಕೆಳಗೆ ತಿರುವುಗಳ ಸಂಖ್ಯೆ. ಒಂದರಿಂದ ಏಳರ ತನಕ ಕೆಂಪು, ಹಸಿರು ಎರಡೂ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ, ಮೇಲೆ ಕೆಳಗೆ. ಎಂಟರಿಂದ ಮುಂದಕ್ಕೆ ಕೆಂಪು ಗೆರೆ ಹಾಗೇ ಗರಗಸ. ಹಸಿರು ಗೆರೆ ಮಾತ್ರ ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ನುಣುಪು. ಕೆಂಪಿನ ಮೂಲೆಯಲ್ಲಿ ಸಣ್ಣ ಅಕ್ಷರ: ಸೆಕೆಂಡಿಗೆ ಐದು ಸಲ.

ಬಹಳ ಹೊತ್ತು ನೋಡುತ್ತಾ ಕೂತೆ. ಇಂದುಮತಿ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ನಾನು ಏನೂ ಹೇಳಿಲ್ಲ," ಎಂದರು.

"ಇದು ಕೈ ನಡುಗ್ತಿರೋದಾ?"

"ನಾನು ಡಾಕ್ಟರಲ್ಲ. ಒಂದೇ ತಾಳದಲ್ಲಿ ಸೆಕೆಂಡಿಗೆ ಐದು ಸಲ ನಡುಗೋ ಕೈ ಯಾವುದು ಅಂತ ಡಾಕ್ಟರಿಗೆ ಗೊತ್ತಿರುತ್ತೆ. ಬೇಗ ಹೋದರೆ ಔಷಧ ಇದೆ. ತಡವಾದರೂ ಇದೆ, ಆದರೆ..."

"ಮೊದ್ಲ ಏಳು ತಿರುವಲ್ಲಿ ಯಾಕ್ ನುಣುಪಾಗಿಲ್ಲ?"

"ಹೊಸ ಕೈ ಕಲಿಯೋಕೆ ಅದಕ್ಕೆ ಏಳು ತಿರುವು ಬೇಕು. ಕಲಿತ ಮೇಲೆ ನೆನಪಿಟ್ಟುಕೊಳ್ಳುತ್ತೆ, ಮರುದಿನ ಮೊದಲ ತಿರುವಿನಿಂದಲೇ ಹಿಡಿದುಕೊಳ್ಳುತ್ತೆ. ಇದು ಯಾಕೋ ಪ್ರತಿದಿನ ಹೊಸದಾಗಿ ಕಲೀತಾ ಇದೆ. ಆರು ತಿಂಗಳಿಂದ. ದಿನಾ ಬೆಳಗ್ಗೆ ಆರೂ ಮುಕ್ಕಾಲರ ಸುಮಾರಿಗೆ ನೆನಪೆಲ್ಲ ಸೊನ್ನೆ."

ನನ್ನ ಜೇಬಿನಲ್ಲಿ ಸ್ಕ್ಯಾನರಿನ ವೈರು ಸುತ್ತಿಕೊಂಡು ಕೂತಿತ್ತು. ನಾನು ಅದರ ಮೇಲೆ ಕೈ ಇಟ್ಟೆ. ಅವರು ಅದನ್ನು ನೋಡಿದರು.

"ಎಲ್ಲ ಅಳಿಸು ಅಂತ ಒತ್ತಿದಾಗ ದೀಪ ಮಾತ್ರ ಹೋಗುತ್ತೆ ಅಂದುಕೊಂಡಿದ್ರಾ?"

ಎರಡು ತಿಂಗಳ ಹಿಂದೆ ಐದನೇ ತಿರುವಿನಲ್ಲಿ ವ್ಯಾನಿನ ಹಿಂಭಾಗ ತಡೆಗೋಡೆಗೆ ಉಜ್ಜಿತ್ತು. ಕೋತಿ ಅಡ್ಡ ಬಂತು ಅಂದಿದ್ದ ಭಾವ. ಟಯರು ಸವೆದಿದೆ ಅಂದಿದ್ದೆ ನಾನು. ಟಯರು ಬದಲಾಯಿಸಿ, ಉಜ್ಜಿದ ಜಾಗಕ್ಕೆ ಬಣ್ಣ ಬಳಿದು, ಮರುದಿನ ಬೆಳಗ್ಗೆ ಮತ್ತೆ ಮುಖ ತೊಳೆಸಿ ಕಳಿಸಿದ್ದೆ. ಆವತ್ತು ಒಳಗೆ ಹದಿಮೂರು ಜನ ಇದ್ದರು.

"ಗೊತ್ತಿದ್ದೂ ನೀವ್ಯಾಕೆ ಸುಮ್ನಿದ್ರಿ?" ಎಂದೆ. ಜೋರಾಗೇ ಎಂದೆ.

"ಮೂರು ಸಲ ಮೇಲಧಿಕಾರಿಗಳಿಗೆ ಬರೆದೆ," ಎಂದರು ಇಂದುಮತಿ. "ಗೇಟಿನಲ್ಲಿ ದೀಪ ಇತ್ತಾ ಅಂತ ಕೇಳಿದರು. ಇರಲಿಲ್ಲ ಅಂದೆ. ಹಾಗಾದರೆ ಸರಿ ಅಂದರು."

*

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ. ಭಾವ ಗಡ್ಡ ಮಾಡಿಸಲು ಕ್ಷೌರದಂಗಡಿಗೆ ಹೋಗಿದ್ದ. ನಂಜಕ್ಕ ಒಲೆ ಮುಂದೆ ಹಿಟ್ಟಿನ ದೊಣ್ಣೆ ಹಿಡಿದು ಮುದ್ದೆ ತಿರುವುತ್ತಿದ್ದಳು.

"ಸರ್ಯಾದ್ ಒತ್ಗೇ ಬಂದೆ, ಕುಂತ್ಕೊ. ಉಳ್ಳಿ ಸಾರು."

"ಅನ್ನ ಇಲ್ವಾ ಅಕ್ಕ?"

"ಈಗ ಅನ್ನ ಎಲ್ಲಿ ಮಾಡ್ತೀವಪ್ಪ. ನಿಮ್ ಭಾವ ಎರಡೊತ್ತೂ ಮುದ್ದೇನೇ ಕೇಳ್ತನೆ."

ನಾನು ಮನೆಯನ್ನು ಸುತ್ತ ನೋಡಿದೆ. ವಾರಕ್ಕೊಮ್ಮೆ ಬರುವ ಮನೆ. ಕಣ್ಣು ಇದ್ದೂ ನೋಡಿರಲಿಲ್ಲ. ಹಗ್ಗದ ಮೇಲೆ ಭಾವನ ಅಂಗಿಗಳು. ಗುಂಡಿಗಳೆಲ್ಲ ಹೋಗಿ ಒತ್ತಿದರೆ ಕಚ್ಚಿಕೊಳ್ಳುವ ಟಿಚ್ ಬಟನ್ ಬಂದಿದ್ದವು. ಗೂಡಿನಲ್ಲಿ ಅವನ ಟೀ ಲೋಟ. ಎಲ್ಲರದಕ್ಕಿಂತ ಎರಡರಷ್ಟು ದೊಡ್ಡದು, ಒಳಗೆ ಅರ್ಧಕ್ಕೇ ನಿಂತ ಕಂದು ಕಲೆ. ಮನೆಯಲ್ಲೇ ಕನ್ನಡಿ ಹಿಡಿದು ಗಡ್ಡ ಹೆರೆಯುತ್ತಿದ್ದವನು ಈಗ ಅಂಗಡಿಗೆ ಹೋಗುತ್ತಾನೆ. ಮುದ್ದೆ ಚೆಲ್ಲುವುದಿಲ್ಲ. ಅನ್ನ ಚೆಲ್ಲುತ್ತದೆ.

"ಎಷ್ಟ್ ದಿನದಿಂದ ಅಕ್ಕ?"

ದೊಣ್ಣೆ ನಿಂತಿತು. ಅವಳು ತಿರುಗಲಿಲ್ಲ.

"ಏನು?"

"ಭಾವನ ಕೈ."

"ಯಾರ್ ಯೋಳುದ್ರು ನಿಂಗೆ?"

"ಗಾಡಿ ಯೋಳ್ತು."

ಅಕ್ಕ ಪಾತ್ರೆ ಇಳಿಸಿ ನೆಲಕ್ಕೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಏನೋ.

"ಓದ್ ವರ್ಷ ದೀವಳಿಗೇಲಿ. ಎಣ್ಣೆ ಬಟ್ಲು ಹಿಡ್ಕಂಡಿದ್ದ, ಬಟ್ಲು ನೆಲಕ್ಕೆ ಟಕಟಕ ಅಂತು. ಚಳಿ ಕಣಮ್ಮಿ ಅಂದ. ಚಳಿ ಇರ್ನಿಲ್ಲ. ಆಮೇಕೆ ಅವ್ನೂ ಮಾತಾಡ್ನಿಲ್ಲ, ನಾನೂ ಕೇಳ್ನಿಲ್ಲ. ಗುಂಡಿ ಕಿತ್ತೆ, ಇದ್ನ ಹೊಲ್ದೆ. ದೊಡ್ ಲೋಟ ತಂದೆ. ಯಾಕ್ ತಂದೆ ಅಂತ ಅವ್ನೂ ಕೇಳ್ನಿಲ್ಲ."

"ಆಸ್ಪತ್ರೆಗೆ ಕರ್ಕಂಡೋಗದಲ್ವಾ?"

"ಓದ್ರೆ ಚೀಟಿ ಬರಕೊಡ್ತರೆ. ಚೀಟಿ ಬಂದ್ರೆ ಲೈಸೆನ್ಸು ಓಯ್ತದೆ. ಲೈಸೆನ್ಸು ಓದ್ರೆ ಅವ್ನು ಏನು ಯೋಳು? ಈ ಊರಲ್ಲಿ ಅವ್ನ ಹೆಸರು ಎಷ್ಟ್ ಜನಕ್ಕೆ ಗೊತ್ತು? ಎಲ್ರೂ ಡ್ರೈವರಣ್ಣ ಅಂತರೆ."

"ಹನ್ನೆರ್ಡ್ ಜನ ಕೂರ್ತರೆ ಅಕ್ಕ ಆ ಗಾಡೀಲಿ!"

"ಕೂಗ್ಬೇಡ ಕಣ್ಲಾ!" ಅವಳು ನನಗಿಂತ ಜೋರಾಗಿ ಕೂಗಿದಳು. ಆಮೇಲೆ ಸಣ್ಣಗೆ, "ಒಂದ್ ತಿಂಗ್ಳು ಕೊಡು. ಮೆತ್ತಗೆ ಒಪ್ಪಿಸ್ತೀನಿ."

"ಒಂದ್ ತಿಂಗ್ಳು ನಾನ್ ಮುಖ ತೊಳ್ಸ್ತಾ ಕೂರ್ಲಾ?"

"ಇಷ್ಟ್ ದಿನ ತೊಳ್ಸಿಲ್ವಾ?"

ಮೊದಲ ಏಳು ತಿರುವಿನ ವಿಷಯ ಹೇಳಿದೆ. ನಾನು ಅಳಿಸಿದ್ದಕ್ಕೇ ಅವನು ದಿನಾ ಬೆಳಗ್ಗೆ ಆಸರೆಯಿಲ್ಲದೆ ಹತ್ತುತ್ತಿದ್ದ, ಎಂಟಕ್ಕೆ ಬಂದ ಮೇಲೆ ಗಾಡಿ ಅವನ ಕೈ ಹಿಡಿಯುತ್ತಿತ್ತು ಎಂದೆ. ಅಕ್ಕನಿಗೆ ಎಷ್ಟು ಅರ್ಥವಾಯಿತೋ. ತಟ್ಟೆಯ ಅಂಚನ್ನು ಬೆರಳಿನಿಂದ ಒರೆಸಿದಳು.

"ಹಂಗಾರೆ ಬೇಡ," ಎಂದಳು ಕೊನೆಗೆ. "ಇನ್ ಬೇಡ. ನಾಳೆ ಸಂಜೆ ನೀನೇ ಬಂದು ಯೋಳು. ಆದ್ರೆ ಇಲ್ಲಿ, ಮನೇಲಿ. ಬಾಗ್ಲು ಹಾಕ್ಕಂಡು. ಜನ್ರ ಮುಂದೆ ಮಾತ್ರ ಯೋಳ್ಬೇಡ ರಂಗ. ನಿನ್ ಬಾಯಿ ನಂಗೊತ್ತು. ಆಣೆ ಮಾಡು."

"ಬೆಳಗ್ಗೆ ಗಾಡಿ ತಗೀತನಲ್ಲ?"

"ವೈರು ಕೆಟ್ಟದೆ, ಇವತ್ ಓಡಲ್ಲ ಅನ್ನು. ನಿಂಗೆ ಸುಳ್ ಯೋಳಕೆ ಕಲಿಸ್ಬೇಕಾ?"

ಅವಳ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದೆ.

*

ಮಂಗಳವಾರ ಬೆಳಗ್ಗೆ ಭಾವ ವ್ಯಾನು ತಂದು ನಿಲ್ಲಿಸಿದ. ಅವನ ಕೈ ಸಿಕ್ಕಿದ್ದೇ ದೀಪ ಮತ್ತೆ ಹೊತ್ತಿಕೊಂಡಿತ್ತು. ಒಳಗೆ ಆಗಲೇ ಹತ್ತು ಜನ. ಸಾಲಿನಲ್ಲಿ ಜಬ್ಬಾರ್, ಇನ್ನೂ ಆರೇಳು ಡ್ರೈವರುಗಳು.

"ಬಾರ್ಲಾ, ಮುಖ ತೊಳ್ಸು."

"ಇವತ್ತಾಗಲ್ಲ ಭಾವ. ವೈರು ಸುಟ್ಟೋಗದೆ. ಸಂಜೆ ನೋಡ್ತೀನಿ. ಜನುನ್ನ ಜಬ್ಬಾರ್ ಗಾಡಿಗೆ ಹತ್ತಿಸು."

"ಯಾವ ವೈರು? ನೆನ್ನೆ ನೀನೇ ಓಡಿಸಿದ್ಯಂತಲ್ಲ? ಜಬ್ಬಾರೂ ಓಡಿಸಿದ್ನಂತೆ? ದೀಪ ಬರ್ನಿಲ್ವಂತೆ?" ಅವನು ಸುತ್ತ ನಿಂತವರ ಕಡೆ ತಿರುಗಿದ. "ನೋಡ್ರಪ್ಪ ಇವ್ನ! ನನ್ ಗಾಡಿ ಕದ್ದು ಓಡ್ಸದು, ಆಮೇಕೆ ವೈರು ಸುಟ್ಟೋಯ್ತು ಅನ್ನದು. ಏಳ್ನೇ ಕ್ಲಾಸ್ಗೇ ಮಣ್ ಹೊತ್ತವ್ನು, ಸ್ಪ್ಯಾನರ್ ಹಿಡ್ಯದ್ ನಾನ್ ಕಲ್ಸುದ್ರೂವೆ ಹಿಡಿಯಕ್ ಬಾರದ್ ಕೈ ಇವ್ನದು!"

ಯಾರೋ ನಕ್ಕರು.

"ಭಾವ, ಸಂಜೆ ಮಾತಾಡ್ಮ," ಎಂದೆ. ಹಲ್ಲು ಕಚ್ಚಿಕೊಂಡೇ ಎಂದೆ.

"ಸಂಜೆ ಏನ್ಲಾ ಮಾತಾಡದು? ಕೊಡಿಲ್ಲಿ ಆ ಪೆಟ್ಗೆ. ಗುಂಡಿ ಒತ್ತಕೆ ನಿನ್ನಂಥ ಕೈನೇ ಬೇಕಾ? ಕೈಯಂತೆ ಕೈ! ಥೂ!"

ನನ್ನ ತಲೆಯೊಳಗೆ ಅಕ್ಕ ಇರಲಿಲ್ಲ, ಆಣೆ ಇರಲಿಲ್ಲ. ಆರು ತಿಂಗಳ ಬೈಗುಳ ಮಾತ್ರ ಇತ್ತು. ಟೀ ಅಂಗಡಿಯ ಮಾದಯ್ಯ ತಟ್ಟೆಯಲ್ಲಿ ಲೋಟಗಳನ್ನು ತಂದಿದ್ದ. ಅಂಚಿನ ತನಕ ತುಂಬಿದ ಒಂದನ್ನು ತೆಗೆದು ವ್ಯಾನಿನ ಬಾನೆಟ್ಟಿನ ಮೇಲೆ ಕುಕ್ಕಿದೆ.

"ಕೈ ಸುದ್ದಿ ಮಾತಾಡ್ತೀಯಾ? ಎತ್ತು ನೋಡಾನ! ಒಂದ್ ತೊಟ್ಟು ಚೆಲ್ದಂಗೆ ಎತ್ತು! ಕೆಟ್ಟಿರದು ಗಾಡಿಯಲ್ಲ ಭಾವ, ನಿನ್ ಕೈ! ಅದ್ಕೇ ದೀಪ ಬತ್ತಿರದು!"

ಜಬ್ಬಾರ್ ಬಾಯಿಂದ ಬೀಡಿ ತೆಗೆದು ಹಿಂದೆ ಸರಿದ.

ಭಾವ ಲೋಟವನ್ನು ನೋಡಿದ. ಬಲಗೈಯನ್ನು ಅದರ ಕಡೆಗೆ ಚಾಚಿದ. ಮುಕ್ಕಾಲು ದಾರಿಗೆ ಹೋಗಿ ಕೈ ನಿಂತಿತು. ಅಲ್ಲಿ ಗಾಳಿಯಲ್ಲಿ ಎಲ್ಲರೂ ಅದನ್ನು ನೋಡಿದರು. ನರ್ಸು ಕಿಟಕಿಯಿಂದ ನೋಡಿ ಮುಖ ಆ ಕಡೆಗೆ ತಿರುಗಿಸಿಕೊಂಡಳು. ಅವನು ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡು ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡ.

ಕೂಗುತ್ತಾನೆ ಅಂದುಕೊಂಡೆ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ದೀಪ ಎಂಟ್ನೇ ತಿರುವಿಗೇ ಯಾಕ್ ಬತ್ತದೆ?" ಎಂದು ಕೇಳಿದ, ಸಣ್ಣ ದನಿಯಲ್ಲಿ. ಮೆಕ್ಯಾನಿಕ್ಕನ್ನು ಡ್ರೈವರು ಕೇಳುವ ಹಾಗೆ.

ಹೇಳಿದೆ. ಈಗ ನನ್ನ ದನಿಯೂ ಇಳಿದಿತ್ತು. ಅದಕ್ಕೆ ಕೈ ಕಲಿಯಲು ಏಳು ತಿರುವು ಬೇಕು. ನಾನು ದಿನಾ ಅಳಿಸುತ್ತಿದ್ದುದರಿಂದ ದಿನಾ ಹೊಸದಾಗಿ ಕಲಿಯುತ್ತಿತ್ತು. ಕಲಿತ ಮೇಲೆ ನಡುಕವನ್ನೆಲ್ಲ ಕಳೆದು ನೆಟ್ಟಗೆ ಓಡಿಸುತ್ತಿತ್ತು. "ತಪ್ಪು ನಂದು ಭಾವ. ಆ ಏಳು ತಿರುವಲ್ಲಿ ನಿಂಗೆ ಆಸರೆ ಇಲ್ದಂಗೆ ಮಾಡ್ದವ್ನು ನಾನು."

ಅವನು ತಲೆದೂಗಿದ. ಎಲ್ಲವೂ ಸರಿಹೊಂದಿತು ಎಂಬಂತೆ.

"ಬೆಳಗ್ಗೆ ಗಾಡಿ ಬಾರ ಇರದು," ಎಂದ. "ಸ್ಟೇರಿಂಗು ಒದ್ರದು. ಎಂಟಕ್ಕೆ ಹೋಗ ಒತ್ಗೆ ಹಗುರಾಗದು. ನಾನು, ಕೈ ಬಿಸಿಯಾಯ್ತು, ಈಗ ಸರಿಯಾಯ್ತು, ಇನ್ನೂ ನನ್ ಕೈ ನಂಗೇ ಅದೆ ಅನ್ಕಳ್ತಿದ್ದೆ. ದಿನಾ ಅಲ್ಲಿ ಗುಡೀಲಿರೋ ಮಾದಪ್ಪಂಗೆ ಒಂದ್ ಸತಿ ಕೈ ಮುಗೀತಿದ್ದೆ."

ನಾನು ಸ್ಕ್ಯಾನರಿನ ವೈರನ್ನು ಜೇಬಿನೊಳಕ್ಕೆ ತುರುಕಿದೆ.

"ಹಂಗಾರೆ ಆ ಏಳು ತಿರುವು ಓಡಿಸಿದ್ದು ನಾನು ಕಣ್ಲಾ ರಂಗ," ಎಂದ. "ಮಿಕ್ಕ ಹದಿನೈದು ಯಾರ್ ಓಡಿಸಿದ್ದು?"

"ಭಾವ, ಒಳಗೆ ಕುಂತ್ಕೊ ಬಾ. ಡಾಕ್ಟ್ರತ್ರ ಓಗಾನ. ಔಷಧ ಅದಂತೆ."

ಅವನು ಟಿಚ್ ಬಟನ್ನಿನ ಅಂಗಿಯ ಜೇಬಿನಿಂದ ಕೀಲಿ ತೆಗೆದ. ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಯಾರೂ ನೆರವಿಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಕೀಲಿಯನ್ನು ಟೀ ಲೋಟದ ಪಕ್ಕದಲ್ಲಿಟ್ಟ. ಬಾನೆಟ್ಟಿನ ಮೇಲೆ ಅಂಗೈ ಒಮ್ಮೆ ಒತ್ತಿದ. ಒತ್ತಿದ್ದಷ್ಟು ಹೊತ್ತು ಕೈ ನಡುಗಲಿಲ್ಲ.

"ನಂಜೀಗೂ ಗೊತ್ತಾ?"

ನಾನು ತಲೆ ತಗ್ಗಿಸಿದೆ.

ಮನೆಯ ಕಡೆಗೆ ಹೋಗುತ್ತಾನೆ ಅಂದುಕೊಂಡೆ. ಅವನು ಗೇಟಿನ ಕಡೆಗೆ ನಡೆದ. ಗೇಟಿನ ಪಕ್ಕದಲ್ಲಿ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರಿಗೆಂದು ಮೊಳ ಅಗಲದ ದಾರಿ ಬಿಟ್ಟಿದ್ದಾರೆ. ನಡೆಯುವವರನ್ನು ಅದು ಏನೂ ಕೇಳುವುದಿಲ್ಲ. ಚಪ್ಪಲಿಯನ್ನು ಅಲ್ಲೇ ಕಳಚಿಟ್ಟು ರಸ್ತೆ ಹತ್ತತೊಡಗಿದ. ಮೇಲಿನ ಕೋಣೆಯ ಕಿಟಕಿಯಲ್ಲಿ ಇಂದುಮತಿ ನಿಂತಿದ್ದರು. ಮೊದಲ ತಿರುವಿನಲ್ಲಿ ಅವನ ಬಿಳಿ ಅಂಗಿ ಒಂದು ಗಳಿಗೆ ಕಂಡಿತು. ಆಮೇಲೆ ಬಂಡೆ ಅಡ್ಡ ಬಂತು.

ಅವನ ಹಿಂದೆ ಓಡಬೇಕಿತ್ತು. ಅವನ ಚಪ್ಪಲಿ ಎತ್ತಿ ತಂದು ಗ್ಯಾರೇಜಿನ ಮುಂದೆ ಇಟ್ಟೆ.

ಒಂದು ಗಂಟೆ ಕಾದೆವು. ಮೇಷ್ಟ್ರೊಬ್ಬರು, "ಶಾಲೆ ಬಾಗಿಲು ತೆಗೀಬೇಕು ಶೆಟ್ರೇ," ಎಂದರು, ಕ್ಷಮೆ ಕೇಳುವವರಂತೆ. ನಾನೇ ಸ್ಟೀರಿಂಗಿಗೆ ಕೂತೆ. ಗುಂಡಿ ಒತ್ತುವ ಅಗತ್ಯ ಬೀಳಲಿಲ್ಲ. ನಾನು ಸ್ಟೀರಿಂಗು ಹಿಡಿದ ಕೂಡಲೇ ಹಳದಿ ದೀಪ ತಾನಾಗಿಯೇ ಆರಿ, ಬೇರೆ ಅಕ್ಷರ ಬಂತು: 'ಕೈ ಬದಲಾಗಿದೆ. ಹೊಂದಿಕೊಳ್ಳುತ್ತಿದೆ.'

ಒಂದೊಂದು ತಿರುವಿನಲ್ಲೂ ನಿಧಾನ ಮಾಡಿ ನೋಡಿದೆ. ಒಂದು, ಎರಡು, ಐದನೆಯದರಲ್ಲಿ ತಡೆಗೋಡೆಯ ಮೇಲೆ ನಮ್ಮ ವ್ಯಾನಿನ ನೀಲಿ ಬಣ್ಣದ ಗೆರೆ. ಏಳನೆಯದರಲ್ಲಿ ಗಾಡಿಯನ್ನೇ ನಿಲ್ಲಿಸಿ ಇಳಿದೆ. ಭಾವ ಕೈಮುಗಿಯುತ್ತಿದ್ದ ಮಾದಪ್ಪನ ಸಣ್ಣ ಗುಡಿ ಸ್ವಲ್ಪ ಮುಂದೆ ಕಂಡಿತು. ಅದರ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಅಲ್ಲಿಂದ ಕಾಲುದಾರಿಗಳು ಮೂರು ಕಡೆಗೆ ಒಡೆಯುತ್ತವೆ.

ಸಂಜೆ ಇಳಿದು ಬಂದಾಗ ಅಕ್ಕ ಗ್ಯಾರೇಜಿನ ಮುಂದೆ ಅವನ ಚಪ್ಪಲಿಯ ಪಕ್ಕದಲ್ಲಿ ಕೂತಿದ್ದಳು. ನನ್ನ ಮುಖ ನೋಡಿದಳು. ಬೆಂಚಿನ ಮೇಲೆ ಮಾದಯ್ಯ ತೆಗೆದಿಟ್ಟ ಆ ಟೀ ಲೋಟ ಹಾಗೇ ಇತ್ತು, ಕೆನೆ ಕಟ್ಟಿ, ಅಂಚಿನ ತನಕ.

ಭಾವ ಬರಲಿಲ್ಲ.